ಸಂತೆಕಟ್ಟೆ ಸುತ್ತಮುತ್ತ ಒಂದನೇ ತರಗತಿಗೆ ಸರಕಾರಿ ಶಾಲೆ: ಮೂರರಲ್ಲಿ ಯಾವುದು?

ಊರಿಗೆ ಮರಳಿದವಳು | ಮೇ 12, 2025, ರಾತ್ರಿ 9.20

ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದು ಮಾರ್ಚ್‌ನಲ್ಲಿ ಉಡುಪಿಗೆ ಮರಳಿದ್ದೇವೆ. ಮನೆ ಸಂತೆಕಟ್ಟೆಯಿಂದ ಸ್ವಲ್ಪ ಒಳಗೆ. ಜೂನ್ ಒಂದಕ್ಕೆ ಮಗಳಿಗೆ ಐದು ವರ್ಷ ಒಂಬತ್ತು ತಿಂಗಳಾಗುತ್ತದೆ. ಈ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಎಂದು ಸರಕಾರ ಸಡಿಲಿಸಿರುವುದರಿಂದ ಒಂದನೇ ತರಗತಿಗೆ ಸೇರಿಸಬಹುದು. ಸರಕಾರಿ ಅಥವಾ ಅನುದಾನಿತ ಶಾಲೆಗೇ ಕಳುಹಿಸುವುದೆಂದು ನಾನು, ಗಂಡ ನಿರ್ಧರಿಸಿದ್ದೇವೆ. ಮಣಿಪಾಲದ ಸಿಬಿಎಸ್‌ಇ ಶಾಲೆಗಳ ಬಗ್ಗೆ ದಯವಿಟ್ಟು ಇಲ್ಲಿ ಬರೆಯಬೇಡಿ. ಆ ಚರ್ಚೆ ಮಾವನವರೊಂದಿಗೆ ಪ್ರತಿದಿನ ಚಹಾದ ಹೊತ್ತಿಗೆ ನಡೆಯುತ್ತದೆ.

ನಡೆಯುವ ಅಥವಾ ಸ್ಕೂಟರಿನ ದೂರದಲ್ಲಿ ಮೂರು ಶಾಲೆಗಳಿವೆ. ಹೆಸರು ಹಾಕುವುದಿಲ್ಲ, ಗೊತ್ತಿರುವವರಿಗೆ ಗೊತ್ತಾಗುತ್ತದೆ.

ದೊಡ್ಡ ಶಾಲೆ: ಹೆದ್ದಾರಿಯ ಆಚೆ. ಸರಕಾರಿ ಹಿರಿಯ ಪ್ರಾಥಮಿಕ. ಮಕ್ಕಳು 240ರ ಆಸುಪಾಸು. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ.

ಗುಡ್ಡೆ ಶಾಲೆ: ಮನೆಯಿಂದ ಹತ್ತು ನಿಮಿಷದ ನಡಿಗೆ. ಕಿರಿಯ ಪ್ರಾಥಮಿಕ, ಐದರವರೆಗೆ ಮಾತ್ರ. ಅರುವತ್ತು ಚಿಲ್ಲರೆ ಮಕ್ಕಳು, ಮೂವರು ಶಿಕ್ಷಕಿಯರು. ಅಂದರೆ ಇಪ್ಪತ್ತು ಮಕ್ಕಳಿಗೆ ಒಬ್ಬರು! ಬೆಂಗಳೂರಿನಲ್ಲಿ ಇದಕ್ಕೆ ಲಕ್ಷಗಟ್ಟಲೆ ಶುಲ್ಕ ಕೇಳುತ್ತಾರೆ.

ಹಳೆ ಶಾಲೆ: ಅನುದಾನಿತ, ಕನ್ನಡ ಮಾಧ್ಯಮ. ಅಮ್ಮ ಓದಿದ್ದು ಅಲ್ಲಿಯೇ. ಆಗಲೇ ಅದನ್ನು ಹಳೆ ಶಾಲೆ ಎನ್ನುತ್ತಿದ್ದರಂತೆ.

ಹೇಗೆ ಹೋಲಿಸಿ ನೋಡಬೇಕು?

ಮಲ್ಪೆಯವ | ಮೇ 12, ರಾತ್ರಿ 9.41

ಫಲಿತಾಂಶ ನೋಡಿ. ಈ ತಿಂಗಳ 2ರಂದು ಎಸೆಸೆಲ್ಸಿ ಫಲಿತಾಂಶ ಬಂದಿದೆ. ಆ ಶಾಲೆಗಳ ಮಕ್ಕಳು ಮುಂದೆ ಯಾವ ಪ್ರೌಢಶಾಲೆಗೆ ಹೋಗುತ್ತಾರೆ, ಅಲ್ಲಿ ಎಷ್ಟು ಮಂದಿ ಪಾಸಾದರು, ಅಷ್ಟೇ ಲೆಕ್ಕ. ಉಳಿದದ್ದೆಲ್ಲ ಬಾಯಿಮಾತು.

ಲೆಕ್ಕದ ಮೇಷ್ಟ್ರು | ಮೇ 12, ರಾತ್ರಿ 10.15

ಮಲ್ಪೆಯವರೇ, ಆ ಲೆಕ್ಕವನ್ನೇ ಸ್ವಲ್ಪ ಬಿಡಿಸೋಣ. 2023ರಲ್ಲಿ ನಮ್ಮ ಜಿಲ್ಲೆಗೆ ಎಸೆಸೆಲ್ಸಿಯಲ್ಲಿ ಶೇ. 89.49 ಬಂತು, ರಾಜ್ಯದಲ್ಲಿ 18ನೆಯ ಸ್ಥಾನ. ದಕ್ಷಿಣ ಕನ್ನಡ 19ನೆಯದು. ಊರಿಡೀ ಸೂತಕದ ಕಳೆ. ಸಭೆಗಳ ಮೇಲೆ ಸಭೆ. ಮರುವರ್ಷ ಶೇ. 94, ಮೊದಲ ಸ್ಥಾನ. ಸಿಹಿ ಹಂಚಿದರು. ಈ ವರ್ಷ ಶೇ. 89.96, ಎರಡನೆಯ ಸ್ಥಾನ. ದಕ್ಷಿಣ ಕನ್ನಡ ಶೇ. 91.12 ತೆಗೆದು ಮೊದಲನೆಯದು.

ಈಗ 2023 ಮತ್ತು 2025ನ್ನು ಅಕ್ಕಪಕ್ಕ ಇಡಿ. ವ್ಯತ್ಯಾಸ ಅರ್ಧ ಶೇಕಡದಷ್ಟೂ ಇಲ್ಲ. ಒಂದಕ್ಕೆ 18ನೆಯ ಸ್ಥಾನದ ಅವಮಾನ, ಇನ್ನೊಂದಕ್ಕೆ ಎರಡನೆಯ ಸ್ಥಾನದ ಹಾರ. ನಮ್ಮ ಮಕ್ಕಳು ಇದ್ದಲ್ಲೇ ಇದ್ದರು, ಕೆಳಗಿಳಿದದ್ದು ಉಳಿದ ಜಿಲ್ಲೆಗಳು. ನಡುವೆ ಏನಾಯಿತು ಎಂದರೆ, 2024ರಿಂದ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಸ್ಥಾನ ನೋಡಿ ಸಭೆ ಕರೆದವರು ಅಂಕಿಯನ್ನು ಓದಿರಲಿಲ್ಲ.

ಜಿಲ್ಲೆಯ ಕಥೆಯೇ ಹೀಗಿರುವಾಗ ಇಪ್ಪತ್ತೆಂಟು ಮಕ್ಕಳು ಪರೀಕ್ಷೆ ಬರೆಯುವ ಒಂದು ಪ್ರೌಢಶಾಲೆಯ ಶೇಕಡವಾರು ಏನು ಹೇಳೀತು? ಅಲ್ಲಿ ಒಬ್ಬ ಹುಡುಗ ಫೇಲಾದರೆ ಶೇ. 3.5 ಹೋಯಿತು. ಅವನು ಗಣಿತ ಬಾರದೆ ಫೇಲಾದನೋ, ಅಪ್ಪನ ದೋಣಿಗೆ ಹೋಗಿ ಶಾಲೆ ತಪ್ಪಿಸಿಕೊಂಡನೋ, ಫಲಕದಲ್ಲಿ ಬರೆದಿರುವುದಿಲ್ಲ. ಅದರಿಂದ ಹಿಂದಕ್ಕೆ ಹತ್ತು ವರ್ಷ ಎಣಿಸಿ ಒಂದನೇ ತರಗತಿಯ ಶಾಲೆಯನ್ನು ಆರಿಸುವುದು ಪಂಚಾಂಗ ನೋಡಿ ಮೀನು ಕೊಳ್ಳುವ ಹಾಗೆ.

ಮಲ್ಪೆಯವ | ಮೇ 12, ರಾತ್ರಿ 10.22

ಮೀನಿನ ವಿಷಯ ನಮಗೆ ಬಿಡಿ ಮೇಷ್ಟ್ರೇ. ಉಳಿದದ್ದು ಒಪ್ಪಿದೆ.

ಬ್ರಹ್ಮಾವರದ ಅಮ್ಮ | ಮೇ 13, ಬೆಳಿಗ್ಗೆ 7.05

ನನ್ನ ಇಬ್ಬರೂ ಸರಕಾರಿ ಶಾಲೆಯಲ್ಲಿದ್ದಾರೆ. ನಾನು ನೋಡಿದ್ದು ಎರಡೇ: ಶೌಚಾಲಯದಲ್ಲಿ ನೀರು ಬರುತ್ತದೆಯೇ, ಮಧ್ಯಾಹ್ನದ ಊಟವನ್ನು ಶಿಕ್ಷಕಿಯರೂ ಮಕ್ಕಳ ಜೊತೆ ಉಣ್ಣುತ್ತಾರೆಯೇ. ಟೀಚರ್ ಮನೆಯಿಂದ ಬುತ್ತಿ ತರುವ ಶಾಲೆಯಲ್ಲಿ ಸಾರಿನ ಬಣ್ಣ ಬೇರೆಯೇ ಇರುತ್ತದೆ. ಈಗ ವಾರದಲ್ಲಿ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಮನೆಯಲ್ಲಿ ಮೊಟ್ಟೆ ಮುಟ್ಟದ ನನ್ನ ಮಗ ಅಲ್ಲಿ ಗೆಳೆಯನ ಪಾಲನ್ನೂ ತಿಂದು ಬರುತ್ತಾನೆ.

ಪರ್ಕಳದ ನಿವೃತ್ತ ಶಿಕ್ಷಕ | ಮೇ 13, ಬೆಳಿಗ್ಗೆ 11.30

ಮೂವತ್ತಮೂರು ವರ್ಷ ಸೇವೆ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಎಂಟು ವರ್ಷ ಎರಡೇ ಶಿಕ್ಷಕರಿದ್ದ ಶಾಲೆ. ಆದ್ದರಿಂದ ನೀವು ಗುಡ್ಡೆ ಶಾಲೆಯ ಮುಂದೆ ಹಾಕಿದ ಆಶ್ಚರ್ಯಸೂಚಕ ಚಿಹ್ನೆಯ ಬಗ್ಗೆ ಎರಡು ಮಾತು ಹೇಳಲೇಬೇಕು.

ಇಪ್ಪತ್ತು ಮಕ್ಕಳಿಗೆ ಒಬ್ಬರು ಎಂಬುದು ಭಾಗಾಕಾರ. ಶಾಲೆ ನಡೆಯುವುದು ಭಾಗಾಕಾರದಲ್ಲಿ ಅಲ್ಲ, ತರಗತಿಗಳಲ್ಲಿ. ತರಗತಿ ಐದು, ಶಿಕ್ಷಕಿಯರು ಮೂವರು. ಒಬ್ಬರು ಮುಖ್ಯ ಶಿಕ್ಷಕಿಯ ಹೊಣೆ ಹೊತ್ತವರು. ಅಕ್ಷರ ದಾಸೋಹದ ಅಕ್ಕಿ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಹಾಜರಾತಿ, ಬ್ಲಾಕ್ ಕಚೇರಿಯ ಸಭೆ ಎಲ್ಲ ಅವರದೇ. ಇನ್ನೊಬ್ಬರಿಗೆ ಮತದಾರರ ಪಟ್ಟಿಯ ಕೆಲಸವೋ ಯಾವುದೋ ಸಮೀಕ್ಷೆಯೋ ಬಂದಿತೆಂದು ಇಟ್ಟುಕೊಳ್ಳಿ. ಅಂದು ಅರುವತ್ತು ಮಕ್ಕಳಿಗೆ ಒಬ್ಬರು. ದೊಡ್ಡ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ಒಬ್ಬರಿದ್ದರೂ ಇಬ್ಬರು ರಜೆ ಹಾಕಿದ ದಿನ ಶಾಲೆ ಕುಂಟುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಐದನೆಯವರೆಗಿನ ಶಾಲೆಗೆ ಹೀಗಿದೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. 121ರಿಂದ 200ರವರೆಗೆ ಐವರು. ಅಂದರೆ ಐದು ತರಗತಿಗೆ ಐವರು ಬೇಕಾದರೆ ಶಾಲೆಯಲ್ಲಿ 121 ಮಕ್ಕಳಿರಬೇಕು. ನಮ್ಮ ಜಿಲ್ಲೆಯ ಕಿರಿಯ ಪ್ರಾಥಮಿಕಗಳಲ್ಲಿ ಅಷ್ಟು ಮಕ್ಕಳನ್ನು ಹುಡುಕಬೇಕಾದರೆ ಕಂದೀಲು ಹಿಡಿಯಬೇಕು.

ನಿಮ್ಮ ಗುಡ್ಡೆ ಶಾಲೆಯ ಸಂಖ್ಯೆ ‘ಅರುವತ್ತು ಚಿಲ್ಲರೆ’ ಎಂದಿದ್ದೀರಿ. ಆ ಚಿಲ್ಲರೆ ಎಷ್ಟು ಎಂಬುದನ್ನು ವಿಚಾರಿಸಿ. ಸಂಖ್ಯೆ ಇಳಿದರೆ ಮೂರನೆಯವರು ‘ಹೆಚ್ಚುವರಿ’ ಪಟ್ಟಿಗೆ ಸೇರುತ್ತಾರೆ, ಅವರನ್ನು ಕೊರತೆ ಇರುವ ಬೇರೆ ಶಾಲೆಗೆ ಕಳುಹಿಸುತ್ತಾರೆ. ನಾನೂ ಒಮ್ಮೆ ಹೆಚ್ಚುವರಿಯಾದವನು. ಚೆನ್ನಾಗಿ ಪಾಠ ಮಾಡುತ್ತಿದ್ದೆನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಆ ವರ್ಷ ಎರಡು ಮನೆಯವರು ಮುಂಬಯಿಗೆ ಹೋದರು, ಅಷ್ಟೇ ನಡೆದದ್ದು.

ಬೈಲೂರಿನವಳು | ಮೇ 13, ಮಧ್ಯಾಹ್ನ 12.10

ಹಾಗಾದರೆ ದೊಡ್ಡ ಶಾಲೆಯೇ ಸರಿ ಅಲ್ಲವೇ? ಇಂಗ್ಲಿಷ್ ಮಾಧ್ಯಮವೂ ಇದೆ.

ಪರ್ಕಳದ ನಿವೃತ್ತ ಶಿಕ್ಷಕ | ಮೇ 13, ಮಧ್ಯಾಹ್ನ 12.48

ಇಂಗ್ಲಿಷ್ ಮಾಧ್ಯಮ ಎಂಬ ಫಲಕ ಇದೆ. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇದನ್ನು ಆರಂಭಿಸಿದಾಗ ನಾನಿನ್ನೂ ಸೇವೆಯಲ್ಲಿದ್ದೆ. ಕನ್ನಡದಲ್ಲಿ ಇಪ್ಪತ್ತು ವರ್ಷ ಕಲಿಸಿದವರಿಗೆ ಕೆಲವು ದಿನಗಳ ತರಬೇತಿ ಕೊಟ್ಟು ಇಂಗ್ಲಿಷಿನಲ್ಲಿ ಕಲಿಸಿ ಎಂದರು. ಕೆಲವರು ನಿಜಕ್ಕೂ ಕಲಿತರು, ಕಲಿಸಿದರು. ಕೆಲವರು ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿ ಮುಗಿಸಿದರು. ಯಾವ ಬಗೆಯವರು ಎಂಬುದನ್ನು ತಿಳಿಯಲು ಹತ್ತು ನಿಮಿಷ ಕಿಟಕಿಯ ಹೊರಗೆ ನಿಂತರೆ ಸಾಕು. ಮಕ್ಕಳು ಪ್ರಶ್ನೆ ಕೇಳುವ ಸದ್ದು ಬರುತ್ತದೆಯೋ, ಒಟ್ಟಾಗಿ ಒಪ್ಪಿಸುವ ಸದ್ದು ಮಾತ್ರವೋ ಕೇಳಿ.

ಕುಂದಾಪುರದ ಎಸ್‌ಡಿಎಂಸಿ ಸದಸ್ಯ | ಮೇ 13, ರಾತ್ರಿ 8.30

ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾಲ್ಕು ವರ್ಷದಿಂದ ಇದ್ದೇನೆ. ಹೊರಗಿನಿಂದ ಬಂದವರು ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇರುವ ಶಿಕ್ಷಕರಲ್ಲಿ ಕಾಯಂ ಎಷ್ಟು, ಅತಿಥಿ ಎಷ್ಟು, ಗೌರವ ಶಿಕ್ಷಕರು ಎಷ್ಟು? ಅತಿಥಿ ಶಿಕ್ಷಕರಿಗೆ ಸರಕಾರ ಸಂಭಾವನೆ ಕೊಡುತ್ತದೆ, ವರ್ಷದ ಕೊನೆಗೆ ಅವರ ಅವಧಿ ಮುಗಿಯುತ್ತದೆ. ಗೌರವ ಶಿಕ್ಷಕರಿಗೆ ಕೊಡುವವರು ನಾವು: ಹಳೆ ವಿದ್ಯಾರ್ಥಿ ಸಂಘ, ಊರ ದೇವಸ್ಥಾನ, ಬೆಂಗಳೂರಿನಲ್ಲಿ ಹೋಟೆಲು ಇಟ್ಟವರು. ಹೋಟೆಲಿನ ವ್ಯಾಪಾರ ಇಳಿದರೆ ನಮ್ಮ ಮೂರನೇ ತರಗತಿಯ ಟೀಚರ್‌ಗೆ ಸಂಬಳ ತಡವಾಗುತ್ತದೆ. ಕೋವಿಡ್ ವರ್ಷ ಇದನ್ನು ಕಣ್ಣಾರೆ ಕಂಡೆವು.

ಹೇಳಿಬಿಡುತ್ತೇನೆ, ಬೈದರೂ ಬೈಯಿರಿ. ನಮ್ಮ ಕರಾವಳಿಯಲ್ಲಿ ಶಾಲೆಗೆ ಶತಮಾನೋತ್ಸವ ಬಂತೆಂದರೆ ದುಡ್ಡಿಗೆ ಕೊರತೆ ಇಲ್ಲ. ಸ್ವಾಗತ ಗೋಪುರ ಬರುತ್ತದೆ, ರಂಗಮಂದಿರ ಬರುತ್ತದೆ, ಗೋಡೆಗೆ ರೈಲುಬೋಗಿಯ ಚಿತ್ರ ಬರುತ್ತದೆ, ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು ಬರುತ್ತದೆ. ಗಣಿತಕ್ಕೆ ಒಬ್ಬರನ್ನು ಮೂರು ವರ್ಷ ಇಟ್ಟುಕೊಳ್ಳೋಣ ಎಂದರೆ, ಅದಕ್ಕೆ ಕಲ್ಲು ಎಲ್ಲಿ ಹಾಕುವುದು ಎಂದು ಯೋಚಿಸುತ್ತಾರೆ. ಆದ್ದರಿಂದ ಬಣ್ಣ ನೋಡಿ ಮರುಳಾಗಬೇಡಿ. ಆದರೆ ನಿಜ ಹೇಳಬೇಕೆಂದರೆ, ಮಕ್ಕಳನ್ನು ಕರೆತರಲು ಅದೇ ದಾನಿಗಳು ವ್ಯಾನು ಕೊಡಿಸಿದ ಶಾಲೆಗಳಲ್ಲಿ ಸಂಖ್ಯೆ ಏರಿದ್ದೂ ಇದೆ. ನಮ್ಮಲ್ಲಿಯೇ ಏರಿತು. ಡೀಸೆಲ್ ಯಾರು ಹಾಕಬೇಕೆಂಬ ಜಗಳ ಇನ್ನೂ ನಡೆದಿದೆ.

ಮಣಿಪಾಲ್ ಇಂಜಿನಿಯರ್ | ಮೇ 13, ರಾತ್ರಿ 9.02

ಬೇಸರ ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಲೆಕ್ಕ ಹಾಕಬೇಕಾದ ಶಾಲೆಗೆ ಏಕೆ ಕಳುಹಿಸಬೇಕು? ನಿಮ್ಮ ಆದರ್ಶಕ್ಕೆ ಮಗುವನ್ನು ಪ್ರಯೋಗಕ್ಕೆ ಒಡ್ಡಬೇಡಿ.

ಊರಿಗೆ ಮರಳಿದವಳು | ಮೇ 13, ರಾತ್ರಿ 9.10

ಮಾವ, ನೀವು ಇಲ್ಲಿಯೂ ಬಂದಿರಾ?

(ತಮಾಷೆ. ಆದರೆ ಖಾಸಗಿ ಶಾಲೆಯಲ್ಲಿ ಶಿಕ್ಷಕರು ಎಷ್ಟು ವರ್ಷ ಉಳಿಯುತ್ತಾರೆ, ಅವರಿಗೆ ಎಷ್ಟು ಸಂಬಳ ಎಂಬ ಲೆಕ್ಕವನ್ನು ನೀವು ಯಾವತ್ತಾದರೂ ಕೇಳಿದ್ದೀರಾ? ಅಲ್ಲಿ ಕೇಳಲು ಎಸ್‌ಡಿಎಂಸಿಯೂ ಇಲ್ಲ.)

ಮಂಗಳೂರು ಹುಡುಗ | ಮೇ 13, ರಾತ್ರಿ 11.15

ಹರೇಕಳ ಹಾಜಬ್ಬರು ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿದ್ದನ್ನು, 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹಂಚಿಕೊಂಡೆವು. ನಮ್ಮ ಬಂಧುಗಳ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿದ ನಲವತ್ತು ಮಂದಿಯಲ್ಲಿ ಸರಕಾರಿ ಶಾಲೆಗೆ ಮಗುವನ್ನು ಕಳುಹಿಸಿದ ಒಬ್ಬರೂ ಇರಲಿಲ್ಲ. ನಾನೂ ಕಳುಹಿಸಿಲ್ಲ. ಅಷ್ಟೇ ಹೇಳಬೇಕೆನಿಸಿತು.

ಹಳೆ ಶಾಲೆಯ ಹಳೆ ವಿದ್ಯಾರ್ಥಿ | ಮೇ 14, ಬೆಳಿಗ್ಗೆ 6.40

ನೀವು ಹೇಳುವ ಅನುದಾನಿತ ಶಾಲೆ ಯಾವುದೆಂದು ಗೊತ್ತಾಯಿತು. ನನ್ನದೂ ಅದೇ. ಅಲ್ಲಿಯ ಹುಣಸೆಮರ, ಅಲ್ಲಿಯ ಯಕ್ಷಗಾನ, ಮಳೆಗಾಲದಲ್ಲಿ ಕೊಡೆಗಳನ್ನು ಸಾಲಾಗಿ ತೂಗುಹಾಕುತ್ತಿದ್ದ ಜಗಲಿ, ಎಲ್ಲದರ ಮೇಲೆ ನನಗೆ ಪ್ರೀತಿ. ಆದರೂ ಸತ್ಯ ಹೇಳುತ್ತೇನೆ. ಅನುದಾನಿತ ಶಾಲೆಯ ಕಷ್ಟ ಹೊರಗೆ ಕಾಣುವುದಿಲ್ಲ. ಸರಕಾರ ಸಂಬಳ ಕೊಡುವ ಶಿಕ್ಷಕರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ, ಆ ಹುದ್ದೆ ತುಂಬಲು ಅನುಮತಿ ಸುಲಭವಾಗಿ ಸಿಗುವುದಿಲ್ಲ. ಆಡಳಿತ ಮಂಡಳಿ ಕೈಯಿಂದ ಕೊಟ್ಟು ಯಾರನ್ನೋ ಇಟ್ಟುಕೊಳ್ಳುತ್ತದೆ. ಕೊನೆಗೆ ಒಬ್ಬರು ಉಳಿದಾಗ ಬಾಗಿಲು. ನೀವು ಕೇಳಬೇಕಾದದ್ದು ಒಂದೇ: ಈಗಿರುವ ಮುಖ್ಯೋಪಾಧ್ಯಾಯರು ಯಾವ ವರ್ಷ ನಿವೃತ್ತರಾಗುತ್ತಾರೆ, ಅವರ ಅನಂತರ ಯಾರು? ನನಗೆ ಗೊತ್ತಿರುವ ಉತ್ತರ ನಿಮಗೆ ಹಿಡಿಸಲಾರದು.

ತೆಂಕುಪೇಟೆ | ಮೇ 14, ಬೆಳಿಗ್ಗೆ 9.25

ಯಕ್ಷಗಾನ ಎಂದಿರಿ, ಅದಕ್ಕೆ ಸೇರಿಸುತ್ತೇನೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್‌ನವರು ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಕಲಿಸುತ್ತಾರೆ, ವರ್ಷದ ಕೊನೆಗೆ ಮಕ್ಕಳು ವೇಷ ಕಟ್ಟಿ ಆಡುತ್ತಾರೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಕಿರೀಟ ಇಟ್ಟುಕೊಂಡು ಹತ್ತು ನಿಮಿಷ ಅರ್ಥ (ಪಾತ್ರದ ಮಾತು) ಹೇಳಿದ್ದನ್ನು ನೋಡಿದ್ದೇನೆ. ಒಂದನೇ ತರಗತಿಗೆ ಇದು ದೂರದ ಮಾತು, ಆದರೂ.

ಬೈಂದೂರು ಕಡೆಯವ | ಮೇ 14, ಬೆಳಿಗ್ಗೆ 10.50

ದಾರಿಯ ಬಗ್ಗೆ ಯಾರೂ ಬರೆದಿಲ್ಲ. 2022ರ ಮಳೆಗಾಲದಲ್ಲಿ ನಮ್ಮ ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ಹೊಳೆ ಪಾಲಾದಳು. ಅಂದಿನಿಂದ ನನ್ನ ಮಟ್ಟಿಗೆ ಶಾಲೆಯ ಮೊದಲ ಅಂಕ ದಾರಿಗೆ. ಒಂದರಿಂದ ಐದನೆಯವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ನಿಯಮ. ನಕ್ಷೆಯ ಮೇಲೆ ಒಂದು ಕಿಲೋಮೀಟರ್ ಇರಬಹುದು. ಜುಲೈಯಲ್ಲಿ ಅದರ ನಡುವೆ ತೋಡು ಉಕ್ಕುತ್ತದೆಯೇ, ಹೆದ್ದಾರಿ ದಾಟಬೇಕೇ ನೋಡಿ. ನಿಮ್ಮ ದೊಡ್ಡ ಶಾಲೆಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 66 ದಾಟಬೇಕಲ್ಲವೇ? ಎಂಟನೇ ತರಗತಿಯ ಹುಡುಗಿಯಾಗಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ.

ಬೈಲೂರಿನವಳು | ಮೇ 14, ಬೆಳಿಗ್ಗೆ 11.20

ಮಗು ಬೆಂಗಳೂರಿನಲ್ಲಿ ಬೆಳೆದದ್ದು ಅಂದಿರಿ. ತುಳು ಬರುತ್ತದೆಯೇ? ಪಾಠ ಕನ್ನಡದಲ್ಲಿ ನಡೆದರೂ ಆಟದ ಬಯಲು ನಡೆಯುವುದು ತುಳುವಿನಲ್ಲಿ. ಕಲ್ಯಾಣಪುರದ ಕಡೆ ಕೊಂಕಣಿ ಮಕ್ಕಳೂ ಇರುತ್ತಾರೆ.

ಊರಿಗೆ ಮರಳಿದವಳು | ಮೇ 14, ಮಧ್ಯಾಹ್ನ 1.00

ಅಜ್ಜಿಯೊಂದಿಗೆ ಎರಡು ತಿಂಗಳಲ್ಲಿ ಬೈಗುಳ ಮೊದಲು ಕಲಿತಿದ್ದಾಳೆ. ಉಳಿದದ್ದು ಬಂದೀತು.

ಪರ್ಕಳದ ನಿವೃತ್ತ ಶಿಕ್ಷಕ | ಮೇ 14, ಸಂಜೆ 5.30

ಇನ್ನೊಂದು ಮಾತು, ಬಿಟ್ಟುಹೋಗಿತ್ತು. ಒಂದರಿಂದ ಮೂರನೆಯವರೆಗೆ ‘ನಲಿ-ಕಲಿ’. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದದ್ದು, 2009-10ರಿಂದ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆ ಬಂತು. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರಿಸಿ, ಪ್ರತಿ ಮಗುವೂ ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ತೆಗೆದುಕೊಂಡು ಕಲಿಯುವ ಪದ್ಧತಿ. ನಿನ್ನೆ ನಾನು ಸಣ್ಣ ಶಾಲೆಯ ವಿರುದ್ಧ ವಾದಿಸಿದೆ. ಆದರೆ ಕಿರಿಯ ತರಗತಿಗಳಲ್ಲಿ ಸಣ್ಣ ಶಾಲೆ ಉಸಿರಾಡುವುದು ಈ ಪದ್ಧತಿಯಿಂದಲೇ. ಒಬ್ಬ ಒಳ್ಳೆಯ ನಲಿ-ಕಲಿ ಶಿಕ್ಷಕಿ ಇದ್ದರೆ ಮೂರು ತರಗತಿ ಒಟ್ಟಿಗಿರುವುದು ಕೊರತೆ ಅನ್ನಿಸುವುದಿಲ್ಲ. ನುರಿತವರು ಇಲ್ಲದಿದ್ದರೆ ಕಾರ್ಡುಗಳು ಕಪಾಟಿನಲ್ಲಿ ಗೆದ್ದಲು ಹಿಡಿದಿರುತ್ತವೆ. ಹೋದಾಗ ಕಾರ್ಡುಗಳನ್ನು ಮುಟ್ಟಿ ನೋಡಿ. ಅಂಚು ಸವೆದಿದ್ದರೆ ಒಳ್ಳೆಯ ಲಕ್ಷಣ.

ಲೆಕ್ಕದ ಮೇಷ್ಟ್ರು | ಮೇ 14, ಸಂಜೆ 6.10

ಹೋಗುವ ಮೊದಲು ಯುಡೈಸ್ (ಶಾಲೆಗಳ ಮಾಹಿತಿಯ ಸರಕಾರಿ ದಾಖಲೆ) ಜಾಲತಾಣದಲ್ಲಿ ಶಾಲೆಯ ವಿವರ ನೋಡಿಕೊಳ್ಳಿ. ಪ್ರತಿ ಶಾಲೆಗೂ 11 ಅಂಕಿಯ ಸಂಕೇತ ಇದೆ, ನಮ್ಮ ರಾಜ್ಯದ್ದು 29ರಿಂದ ಆರಂಭ. ಮಕ್ಕಳ ಸಂಖ್ಯೆ, ಶಿಕ್ಷಕರು, ಕೊಠಡಿ, ಶೌಚಾಲಯ ಎಲ್ಲ ಇರುತ್ತದೆ. ಒಂದು ವರ್ಷ ಹಳೆಯದಾಗಿರುವುದೂ ಉಂಟು. ಅದನ್ನು ಹಿಡಿದುಕೊಂಡು ಹೋಗಿ ಎದುರಾ ಎದುರು ಕೇಳಿದರೆ, ಕೇಳುವವರ ಬಗ್ಗೆ ಗೌರವವೂ ಬರುತ್ತದೆ, ಸ್ವಲ್ಪ ಭಯವೂ.

ಊರಿಗೆ ಮರಳಿದವಳು | ಜೂನ್ 2, ರಾತ್ರಿ 8.45

ಎರಡು ವಾರ ಉತ್ತರಿಸಲಿಲ್ಲ, ಕ್ಷಮಿಸಿ. ಈ ಬಾರಿ ಮಳೆ ಮೇ ತಿಂಗಳಲ್ಲೇ ಹಿಡಿದುಕೊಂಡಿತಲ್ಲ, ಹಂಚು ಸರಿಮಾಡಿಸುವುದರಲ್ಲೇ ದಿನ ಹೋಯಿತು. ಮೂರೂ ಶಾಲೆಗಳಿಗೆ ಹೋಗಿ ಬಂದೆ.

ಹಳೆ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅಮ್ಮನ ಹೆಸರು ಹೇಳಿದ ಕೂಡಲೇ ಎದ್ದು ನಿಂತರು. ಅವರ ನಿವೃತ್ತಿ ಬರುವ ಮೇಯಲ್ಲಿ. ಅನಂತರ ಯಾರು ಎಂದು ಕೇಳಿದೆ. ಹುಣಸೆಮರದ ಕಡೆ ನೋಡಿದರು. ಅಲ್ಲಿಗೆ ನಾನು ಆ ಮಾತು ಬಿಟ್ಟೆ. ಮನೆಗೆ ಬಂದು ಅಮ್ಮನಿಗೆ, ಸೀಟು ತುಂಬಿದೆ ಎಂದು ಸುಳ್ಳು ಹೇಳಿದೆ.

ದೊಡ್ಡ ಶಾಲೆ ಚೆನ್ನಾಗಿದೆ. ನಿಜಕ್ಕೂ ಚೆನ್ನಾಗಿದೆ. ದೈಹಿಕ ಶಿಕ್ಷಕರಿದ್ದಾರೆ, ಪುಸ್ತಕಗಳು ಬೀಗದ ಹೊರಗಿವೆ, ಇಂಗ್ಲಿಷ್ ವಿಭಾಗದ ಕಿಟಕಿಯ ಹೊರಗೆ ನಿಂತಾಗ ಒಪ್ಪಿಸುವ ಸದ್ದಿನ ನಡುವೆ ಎರಡು ಪ್ರಶ್ನೆಗಳೂ ಕೇಳಿಸಿದವು. ಆದರೆ ಹೆದ್ದಾರಿ ದಾಟುವಾಗ ಮಗಳ ಕೈ ನನ್ನ ಕೈಯಲ್ಲಿ ಎಷ್ಟು ಬಿಗಿಯಾಗಿತ್ತೆಂದರೆ, ಆಚೆ ಬದಿಯಲ್ಲಿ ಬಿಡಿಸಿ ನೋಡಿದಾಗ ಉಗುರಿನ ಗುರುತು ಇತ್ತು. ಆರನೇ ತರಗತಿಗೆ ಅಲ್ಲಿಗೇ ಹೋಗುತ್ತಾಳೆ.

ಗುಡ್ಡೆ ಶಾಲೆಗೆ ಹೋದದ್ದು ಕೊನೆಯಲ್ಲಿ, ಇವತ್ತು. ಮಳೆ ಹೊಯ್ಯುತ್ತಿತ್ತು. ನಲಿ-ಕಲಿ ಕೋಣೆಯಲ್ಲಿ ಒಂದು ಮೂಲೆ ಸೋರುತ್ತದೆ, ಅಲ್ಲಿ ಬಾಲ್ದಿ ಇಟ್ಟಿದ್ದಾರೆ. ಬಾಲ್ದಿಗೆ ಬೀಳುವ ಹನಿಗಳನ್ನು ಒಂದು ಗುಂಪಿನ ಮಕ್ಕಳು ಎಣಿಸುತ್ತಿದ್ದರು. ಟೀಚರ್ ಹೇಳಿಕೊಟ್ಟದ್ದೋ ಅವರೇ ಶುರು ಮಾಡಿದ್ದೋ ಗೊತ್ತಾಗಲಿಲ್ಲ. ಕಾರ್ಡುಗಳನ್ನು ಮುಟ್ಟಿ ನೋಡಿದೆ ಸರ್. ಅಂಚು ಸವೆದು ಹತ್ತಿಯ ಹಾಗಾಗಿದೆ.

ಮುಖ್ಯ ಶಿಕ್ಷಕಿಯನ್ನು ಆ ‘ಚಿಲ್ಲರೆ’ ಕೇಳಿದೆ. ಅವರು ದಾಖಲೆ ಪುಸ್ತಕ ತೆರೆಯಲಿಲ್ಲ, ಬಾಯಲ್ಲೇ ಹೇಳಿದರು. ಕಳೆದ ವರ್ಷ 63. ಐದನೆಯ ತರಗತಿಯ 14 ಮಕ್ಕಳು ಹೊರಗೆ ಹೋದರು, ಉಳಿದದ್ದು 49. ಒಂದನೇ ತರಗತಿಗೆ ಇದುವರೆಗೆ ಬಂದವರು 9. ಒಟ್ಟು 58. ಮೂರನೆಯ ಶಿಕ್ಷಕಿ ಯಾರು ಎಂದು ಕೇಳಿದೆ. ನಲಿ-ಕಲಿ ಕೋಣೆಯ ಕಡೆ ಬೆರಳು ತೋರಿಸಿದರು.

ಅರ್ಜಿ ತುಂಬಿ ಬಂದೆ. ಈಗ 59. ಹೊರಡುವಾಗ ಅವರು ಕೇಳಿದ್ದು ಜನನ ಪ್ರಮಾಣಪತ್ರದ ನಕಲು ಒಂದು, ಮತ್ತು ನಿಮ್ಮ ಕಡೆ ಬೇರೆ ಮಕ್ಕಳು ಇದ್ದಾರೆಯೇ ಎಂದು. ನಮ್ಮ ಓಣಿಯಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ಮಣಿಪಾಲದಲ್ಲಿ ಶುಲ್ಕ ಕಟ್ಟಿಯಾಗಿದೆ.

ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಸಂತೆಕಟ್ಟೆ, ನೇಜಾರು, ಕಲ್ಯಾಣಪುರದ ಕಡೆ ಒಂದನೇ ತರಗತಿಗೆ ಇನ್ನೂ ಸೇರಿಸದ ಮಗು ಯಾರ ಮನೆಯಲ್ಲಾದರೂ ಇದೆಯೇ? ಇಬ್ಬರು ಸಾಕು.

ಬೈಲೂರಿನವಳು | ಜೂನ್ 2, ರಾತ್ರಿ 9.30

ನನ್ನ ಅಕ್ಕ ನೇಜಾರಿನಲ್ಲಿದ್ದಾಳೆ. ಮಗನನ್ನು ಎಲ್ಲಿಗೆ ಸೇರಿಸುವುದೆಂದು ಇನ್ನೂ ತೂಗಾಡುತ್ತಿದ್ದಾಳೆ. ನಾಳೆ ಕರೆದುಕೊಂಡು ಬರುತ್ತೇನೆ. ಆದರೆ ಅವರ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ.

ಬ್ರಹ್ಮಾವರದ ಅಮ್ಮ | ಜೂನ್ 2, ರಾತ್ರಿ 9.34

ಬಾಳೆಹಣ್ಣು ಕೊಡುತ್ತಾರೆ. ಕರೆದುಕೊಂಡು ಬನ್ನಿ.

ಪರ್ಕಳದ ನಿವೃತ್ತ ಶಿಕ್ಷಕ | ಜೂನ್ 2, ರಾತ್ರಿ 9.52

ಅರುವತ್ತಾಯಿತು. ಇನ್ನೂ ಒಬ್ಬರು ಬೇಕು.